ಮಾತು ಕಲಿಸಿದವಳಿಗೆ ಮಾತಿನಲ್ಲಿ ನಾಲ್ಕು

ಕಾಯಂ ವಾಸದ ಅರ್ಜಿಗಳನ್ನು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನನಗೆ ಇಂಗ್ಲಿಷ್ ಮಾತನಾಡಲು ಬರುವುದಿಲ್ಲ ಎಂಬ ಕಾರಣಕ್ಕೆ ನನ್ನ ಅರ್ಜಿ ತಮ್ಮ ಬಾಗಿಲಲ್ಲೇ ನಿಂತಿದೆ. ಕೆಲಸದ ಪರವಾನಗಿ ಇದೇ ಜೂನ್ ಹನ್ನೊಂದಕ್ಕೆ ಮುಗಿಯುತ್ತದೆ. ಅಂದಿಗೆ ನಾನು ಕೆನಡಾ ಬಿಡಬೇಕು. ಆದ್ದರಿಂದ ಈ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವ ಉದ್ಧಟತನಕ್ಕೆ ನಾನು ಕೈಹಾಕಿಲ್ಲ. ನನ್ನ ತಾಯಿನುಡಿ ಇಲೊಕಾನೊದಲ್ಲಿ, ಇಲ್ಲಿಗೆ ವಲಸೆ ಬಂದ ನಮ್ಮವರ ವಾರಪತ್ರಿಕೆಗೆ ಬರೆಯುತ್ತಿದ್ದೇನೆ. ನಮ್ಮೂರ ಇಗರ್ಜಿಯ ಪತ್ರ, ನನ್ನ ಗಂಡ ದೋಣಿ ಮುಗುಚಿ ಸತ್ತನೆಂದು ಊರ ಹಿರಿಯರು ಬರೆದುಕೊಟ್ಟ ಹೇಳಿಕೆ, ಎಲ್ಲವನ್ನೂ ಪ್ರಮಾಣಿತ ಅನುವಾದಕರಿಂದ ಅನುವಾದ ಮಾಡಿಸಿ ಮೊಹರಿನೊಂದಿಗೆ ಸಲ್ಲಿಸಲು ತಾವು ಕೇಳಿದಿರಿ, ನಾನು ಸಲ್ಲಿಸಿದೆ. ಈಗ ತಮ್ಮ ಸರದಿ. ಅನುವಾದಕರನ್ನು ಹುಡುಕಿಕೊಳ್ಳಿ. ಮೊಹರು ಮರೆಯಬೇಡಿ.

ನನ್ನ ಹೆಸರು ಫ್ಲೋರಿಫೆಸ್ ಅಗ್ಕಾವಿಲಿ. ವಯಸ್ಸು ನಲವತ್ತೊಂದು. ಊರಲ್ಲಿ ಹನ್ನೊಂದು ವರ್ಷ ಮೂರನೇ ತರಗತಿಯ ಮಕ್ಕಳಿಗೆ ಓದು ಕಲಿಸಿದವಳು. ಮೂರೂವರೆ ವರ್ಷದ ಹಿಂದೆ, ಹದಿಮೂರರ ಮಗಳು ಜೆಸೆಲ್‌ಳನ್ನು ನನ್ನ ತಾಯಿಯ ಬಳಿ ಬಿಟ್ಟು, ಸಸ್ಕಟೂನಿನ ಆರ್ವಿಡ್ ಹಾಲ್ವರ್ಸನ್ ಎಂಬ ಎಪ್ಪತ್ತೆಂಟರ ಮುದುಕನ ಮನೆಗೆ ಆರೈಕೆಯವಳಾಗಿ ಬಂದೆ. ನಲವತ್ತು ವರ್ಷ ರೈಲುಹಳಿಯ ಪಕ್ಕದ ಕಣಜದಲ್ಲಿ ರೈತರ ಗೋಧಿ ತೂಗಿಸಿದ ಮನುಷ್ಯ ಅವನು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಮಾತು ಪೂರ್ತಿ ಹೋಗಿರಲಿಲ್ಲ, ತಪ್ಪು ಹೇಳಬಾರದು. ‘ಬೋಳೀಮಗನೇ’ ಎಂಬುದೊಂದು ಉಳಿದುಕೊಂಡಿತ್ತು. ನೀರು ಬೇಕಾದರೂ ಅದೇ, ಬಚ್ಚಲಿಗೆ ಹೋಗಬೇಕಾದರೂ ಅದೇ, ಭಾನುವಾರ ಪಾದ್ರಿ ಬಂದು ತಲೆಯ ಮೇಲೆ ಕೈಯಿಟ್ಟು ಹರಸಿದಾಗಲೂ ಅದೇ.

ಅವನ ಮಗಳು ಮಾರ್ಲಿಸ್ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: “ಅಪ್ಪ ಬೇಕೂಂತ ಬೈಯಲ್ಲ, ಫ್ಲೋರಿಫೆಸ್. ಬೇಜಾರು ಮಾಡ್ಕೋಬೇಡ.”

“ಇಲ್ಲಮ್ಮ,” ಎಂದೆ. “ನಮ್ಮ ಮಾವನೂ ಬೈತಿದ್ರು. ಅವರು ಬೇಕೂಂತ್ಲೇ ಬೈತಿದ್ರು.”

ಮಾತಿನ ತರಬೇತಿಯವಳೊಬ್ಬಳು ಎಂಟು ಸಲ ಬಂದಳು. ಮಂಜೂರಾಗಿದ್ದುದೇ ಎಂಟು ಸಲ. ಎಂಟನೆಯ ದಿನ ‘ಇನ್ನು ಸುಧಾರಣೆ ನಿರೀಕ್ಷಿಸುವಂತಿಲ್ಲ’ ಎಂದು ಬರೆದಿಟ್ಟು ಎದ್ದಳು. ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತ, ಮನಸ್ಸು ತಡೆಯಲಾರದೆಯೋ ಏನೋ, “ಹಾಡಿನ ಥರ ಹೇಳಿಸಿ ನೋಡು. ತಲೆಯೊಳಗೆ ಮಾತಿನ ಜಾಗ ಕೆಟ್ಟಿದ್ರೂ ಹಾಡಿನ ಜಾಗ ಬೇರೆ ಕಡೆ ಇರುತ್ತೆ” ಎಂದಳು. ಅಷ್ಟೇ. ಅವತ್ತಿನಿಂದ ನಾನು ಆರ್ವಿಡ್‌ನ ಎಡ ಅಂಗೈ ಹಿಡಿದು, ಒಂದೊಂದು ಅಕ್ಷರಕ್ಕೆ ಒಂದೊಂದು ತಟ್ಟು ಕೊಡುತ್ತ, ರಾಗ ಎಳೆದು ಹೇಳಿಸತೊಡಗಿದೆ. ನೀ-ರು. ಕಿಟ-ಕಿ. ಚ-ಳಿ. ಸ್ನಾನ ಮಾಡಿಸುವಾಗ, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುವಾಗ, ಡಯಪರ್ ಬದಲಿಸುವಾಗ. ಏಳು ತಿಂಗಳು ಅವನು ಬೈದ, ನಾನು ತಟ್ಟಿದೆ. ಒಂದು ಬೆಳಿಗ್ಗೆ ಓಟ್ಸ್ ಗಂಜಿಯ ಚಮಚ ಬಾಯಿಗಿಟ್ಟೆ. ಅವನು ನುಂಗಿ, ಮುಖ ಕೆಂಪಾಗಿಸಿ, ಎಡಗೈಯಿಂದ ತನ್ನ ತೊಡೆಯನ್ನು ತಾನೇ ತಟ್ಟಿಕೊಂಡು ಹೇಳಿದ: “ಗಂ-ಜಿ... ತಣ್-ಣಗಿದೆ.”

ಮೊದಲನೇ ವಾಕ್ಯವೇ ದೂರು! ನಾನು ಬಟ್ಟಲು ಕೆಳಗಿಟ್ಟು ಅತ್ತೆ. ಅವನು ನಾನು ಅಳುವುದನ್ನು ನೋಡಿ, ತುಂಬ ಹೊತ್ತು ಹುಡುಕಿ, “ಬಿಸಿ... ಮಾಡು” ಎಂದ.

ಮಾನ್ಯರೇ, ಇಂಥ ಮನುಷ್ಯನ ಜೊತೆ ಬದುಕುವುದಕ್ಕೆ ಒಂದೇ ನಿಯಮ. ಅವನು ಪದ ಹುಡುಕುವಾಗ ಕಾಯಬೇಕು. ನಮಗೆ ಗೊತ್ತಿದ್ದರೂ ಹೇಳಿಕೊಡಬಾರದು. ಹೇಳಿಕೊಟ್ಟರೆ ಅವನು ಹುಡುಕುವುದನ್ನೇ ಬಿಡುತ್ತಾನೆ. ನಾವು ಮಾತನಾಡುವಾಗಲೂ ಅಷ್ಟೆ. ಚಿಕ್ಕ ವಾಕ್ಯ, ನಡುವೆ ಬಿಡುವು, ಅವನ ಕಣ್ಣಲ್ಲಿ ಅರ್ಥ ಮೂಡಿದ ಮೇಲೆ ಮುಂದಿನದು. ಹಾಗೆ ಮಾತನಾಡಿ ಆಡಿ ನನ್ನ ನಾಲಿಗೆಯೇ ಹಾಗಾಯಿತು. ಒಮ್ಮೆ ಮಗಳು ಫೋನಿನಲ್ಲಿ ರೇಗಿದಳು.

“ಅಮ್ಮಾ, ಯಾಕೆ ಹೀಗೆ ಎಳೆದೆಳೆದು ಮಾತಾಡ್ತೀಯ? ನಾನೇನು ಕಿವುಡೀನಾ?”

“ನಿಧಾನ ಆಡಿದ್ರೆ ಕೆಟ್ಟದ್ದೇನೇ?”

“ಅಜ್ಜಿ ಹೇಳ್ತಾಳೆ, ಅಲ್ಲಿ ಚಳಿಗೆ ನಿನ್ನ ದವಡೆ ಹೆಪ್ಪುಗಟ್ಟಿದೆಯಂತೆ!”

ಎರಡು ವರ್ಷದ ಸೇವೆ ತುಂಬಿತು. ಇನ್ನು ಭಾಷಾ ಪರೀಕ್ಷೆಯೊಂದು ಪಾಸಾದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಜೆಸೆಲ್‌ಳನ್ನು ಕರೆಸಿಕೊಳ್ಳಬಹುದು. ನಾಲ್ಕು ವಿಭಾಗ, ಒಂದೊಂದರಲ್ಲೂ ಐದನೇ ಮಟ್ಟ ಬರಬೇಕು. ಫೆಬ್ರವರಿಯ ಒಂದು ದಿನ, ಹೊರಗೆ ಮೈನಸ್ ಮೂವತ್ತನಾಲ್ಕಿರುವಾಗ, ಪರೀಕ್ಷಾ ಕೇಂದ್ರದಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕಂಪ್ಯೂಟರ್ ಎದುರು ಕೂತೆ. ‘ನಿಮ್ಮ ಗೆಳತಿಯ ಪಕ್ಕದ ಮನೆಯ ನಾಯಿ ಬೊಗಳುತ್ತದೆ. ಅವಳಿಗೆ ಸಲಹೆ ಕೊಡಿ. ಯೋಚಿಸಲು ಮೂವತ್ತು ಸೆಕೆಂಡು, ಮಾತನಾಡಲು ತೊಂಬತ್ತು.’ ನಾನು ಒಂದು ವಾಕ್ಯ ಹೇಳಿದೆ. ಗೆಳತಿಗೆ ಅರ್ಥವಾಗಲೆಂದು ಕಾದೆ. ಇನ್ನೊಂದು ಹೇಳಿದೆ. ಕಾದೆ. ಯಂತ್ರ ಕುಂಯ್‌ಗುಟ್ಟಿತು. ಪಕ್ಕದ ಮನೆಯ ನಾಯಿ ಇನ್ನೂ ಬೊಗಳುತ್ತಲೇ ಇರಬೇಕು.

ಓದುವುದರಲ್ಲಿ ಏಳು. ಬರೆಯುವುದರಲ್ಲಿ ಏಳು. ಆಲಿಸುವುದರಲ್ಲಿ ಎಂಟು. ಮಾತನಾಡುವುದರಲ್ಲಿ ನಾಲ್ಕು.

ತಾವು ಬುದ್ಧಿವಂತರು, ಹೀಗೊಂದು ವ್ಯವಸ್ಥೆ ಕಟ್ಟುವುದಕ್ಕೆ ಸಾಮಾನ್ಯ ಬುದ್ಧಿ ಸಾಲದು. ತಮ್ಮ ದೇಶದ ಮುದುಕರ ಜೊತೆ ಎರಡು ವರ್ಷ ಇದ್ದು ಬಾ ಎನ್ನುತ್ತೀರಿ. ಅವರಂತೆ ನಿಧಾನ ನಡೆ, ಅವರಂತೆ ನಿಧಾನ ಉಣ್ಣು, ಅವರಿಗೆ ತಿಳಿಯುವಂತೆ ನಿಧಾನ ಮಾತನಾಡು ಎನ್ನುತ್ತೀರಿ. ಮುಗಿಸಿ ಬಂದವಳನ್ನು ನಿಲ್ಲಿಸಿ, ಎಷ್ಟು ಬೇಗ ಮಾತನಾಡುತ್ತೀ ಎಂದು ಗಡಿಯಾರ ಹಿಡಿಯುತ್ತೀರಿ! ಕೆಲಸ ಚೆನ್ನಾಗಿ ಮಾಡಿದವಳು ಸೋಲುವಂತೆಯೂ ಬೇಕಾಬಿಟ್ಟಿ ಮಾಡಿದವಳು ಗೆಲ್ಲುವಂತೆಯೂ ಪರೀಕ್ಷೆ ಮಾಡಬೇಕೆಂದು ತಮಗೆ ಹೊಳೆದದ್ದು ಹೇಗೆ? ಸಮಿತಿ ಕೂತಿತ್ತೇ?

ಎರಡನೇ ಪರೀಕ್ಷೆ ಮೇ ತಿಂಗಳಲ್ಲಿತ್ತು. ಈ ಸಲ ಬಿಡಬಾರದೆಂದು ಮನೆಯಲ್ಲೇ ವೇಗದ ಅಭ್ಯಾಸ ಶುರುಮಾಡಿದೆ. ಅಭ್ಯಾಸಕ್ಕೆ ಸಿಕ್ಕವನು ಆರ್ವಿಡ್ ಒಬ್ಬನೇ. ಅವನಿಗೆ ಉಣಿಸುತ್ತ, ಉಡಿಸುತ್ತ ಬಡಬಡನೆ ಹವಾಮಾನ ಹೇಳಿದೆ, ಮಂಜುಗಡ್ಡೆಯ ಮೇಲಾಡುವ ಕರ್ಲಿಂಗ್ ಪಂದ್ಯದ ಸುದ್ದಿ ಹೇಳಿದೆ, ನಾಯಿಯ ಬಗ್ಗೆ ಸಲಹೆ ಕೊಟ್ಟೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ, ಪರಭಾಷೆಯವಳನ್ನು ನೋಡುವ ಹಾಗೆ. ಹತ್ತು ದಿನವಾಗುವಷ್ಟರಲ್ಲಿ ‘ಕಿಟಕಿ’ ಹೋಯಿತು. ಆಮೇಲೆ ‘ಚಳಿ’ ಹೋಯಿತು. ಮೂರನೇ ವಾರ ನೀರು ಕೇಳಲು ಹೋಗಿ, ಸಿಗದೆ, “ಬೋಳೀಮಗನೇ” ಎಂದು ಲೋಟವನ್ನು ಗೋಡೆಗೆ ಎಸೆದ. ಆಮೇಲೆ ತಾನೇ ಹೆದರಿ ಅತ್ತ. ನಾನು ಗಾಜು ಗುಡಿಸಿದೆ. ಗುಡಿಸುತ್ತ ನನ್ನ ಮಗಳ ಮುಖ ನೆನಪಿಸಿಕೊಂಡೆ, ಈ ಮುದುಕನ ಮುಖ ನೋಡಿದೆ, ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾಗಿ ಬಂದದ್ದಕ್ಕೆ ಅವನ ಮೇಲೆಯೇ ಸಿಟ್ಟು ಬಂತು. ಸಾಯಬಾರದೇ ಇವನು ಎಂದುಕೊಂಡೆ. ಸುಳ್ಳು ಯಾಕೆ, ಹಾಗೇ ಅಂದುಕೊಂಡೆ. ಆಮೇಲೆ ಅವನ ಎಡಗೈ ಹಿಡಿದು ಮತ್ತೆ ತಟ್ಟಿದೆ. ನೀ-ರು.

ಎರಡನೇ ಸಲವೂ ನಾಲ್ಕು ಬಂತು. ಆ ವರ್ಷದ ಅರ್ಜಿಗಳ ಬಾಗಿಲು ತೆರೆದ ದಿನವೇ ಭರ್ತಿಯಾಗಿ ಮುಚ್ಚಿತು.

ವಿಷಯ ಆರ್ವಿಡ್‌ಗೆ ಮಾರ್ಲಿಸ್ ಹೇಳಿದ್ದು. ನಾನು ಹೇಳಿರಲಿಲ್ಲ. ನವೆಂಬರಿನ ಒಂದು ಬೆಳಿಗ್ಗೆ ಅವನು ಫೋನ್ ತೋರಿಸಿ, “ನಾನು... ಮಾತಾಡ್ತೀನಿ” ಎಂದ. ಯಾರ ಹತ್ತಿರ ಎಂದೆ. “ಸರ್... ಕಾರ.” ನಗು ಬಂತು. ಅವನಿಗೆ ಬರಲಿಲ್ಲ. ನಾಲ್ಕು ದಿನ ಕೂತು ಮೂರು ವಾಕ್ಯ ಕಟ್ಟಿದ, ತಾನೇ ತೊಡೆ ತಟ್ಟಿಕೊಂಡು, ನನ್ನ ಸಹಾಯ ಬೇಡವೆಂದು ಕೈಯಾಡಿಸಿ. ‘ನಾನು ಆರ್ವಿಡ್ ಹಾಲ್ವರ್ಸನ್. ಫ್ಲೋ ನನಗೆ ಮಾತು ಕಲಿಸಿದಳು. ಅವಳನ್ನು ಇಟ್ಟುಕೊಳ್ಳಿ.’ ಐದನೇ ದಿನ ಒಳ್ಳೆಯ ಅಂಗಿ ಹಾಕಿಸಿಕೊಂಡ, ಗಡ್ಡ ಹೆರೆಸಿಕೊಂಡ. ತಮ್ಮ ಸಹಾಯವಾಣಿಗೆ ಕರೆ ಹಚ್ಚಿಕೊಟ್ಟು ದನಿ ಹೊರಗೆ ಕೇಳುವಂತೆ ಮೇಜಿನ ಮೇಲಿಟ್ಟೆ. ಒಂದು ಗಂಟೆ ಹತ್ತು ನಿಮಿಷ ತಮ್ಮ ಸಂಗೀತ ಕೇಳಿದೆವು. ಕೊನೆಗೆ ತಮ್ಮ ಸಿಬ್ಬಂದಿಯೊಬ್ಬರು ಬಂದರು. ಚುರುಕಾದ ದನಿ.

ಆರ್ವಿಡ್ ಬೆನ್ನು ನೆಟ್ಟಗೆ ಮಾಡಿದ. “ನಾ-ನು... ಆರ್...”

“ಹಲೋ? ಸರ್?”

“ಆರ್-ವಿ...”

“ಸರ್, ಕೇಳಿಸ್ತಿಲ್ಲ. ಏನು ವಿಷಯ ಹೇಳಿ.”

ಅವನು ಮತ್ತೆ ಮೊದಲಿನಿಂದ ಶುರುಮಾಡಿದ. ತೊಡೆಯ ಮೇಲೆ ಕೈ ಪಟಪಟ ಬಡಿಯುತ್ತಿತ್ತು. “ನಾ-ನು... ಫ್ಲೋ... ನನ್...”

“ಸರ್, ಅಲ್ಲಿ ಇಂಗ್ಲಿಷ್ ಬರೋರು ಯಾರಾದ್ರೂ ಇದ್ದಾರಾ?”

ಇದೇ ಪ್ರಾಂತದ ಮಣ್ಣಲ್ಲಿ ಹುಟ್ಟಿ, ಜೀವಮಾನವಿಡೀ ಇಂಗ್ಲಿಷ್ ಬಿಟ್ಟು ಬೇರೇನನ್ನೂ ಆಡದ ಆರ್ವಿಡ್ ಹಾಲ್ವರ್ಸನ್ ನನ್ನ ಕಡೆ ತಿರುಗಿ ನೋಡಿದ. ನಾನು ಬಾಗಿ, “ಇದ್ದೇನೆ. ನನಗೆ ಇಂಗ್ಲಿಷ್ ಬರುತ್ತೆ” ಎಂದೆ.

“ಅಬ್ಬ, ಸದ್ಯ! ನಿಮ್ಮ ಮಾತು ಎಷ್ಟು ಸ್ಪಷ್ಟವಾಗಿದೆ ಮೇಡಂ. ಅವರಿಗೆ ದುಭಾಷಿ ಬೇಕಿದ್ರೆ ವ್ಯವಸ್ಥೆ ಮಾಡ್ತೀವಿ. ಅವರ ಭಾಷೆ ಯಾವುದು?”

“ಇಂಗ್ಲಿಷ್.”

ಆ ಕಡೆ ಕೀಲಿಮಣೆ ಟಕಟಕ ಎಂದಿತು. ಆಮೇಲೆ, “ಇವತ್ತು ನಮ್ಮಿಂದ ಇನ್ನೇನಾದ್ರೂ ಸಹಾಯ ಬೇಕಿತ್ತಾ?”

ಆ ದಿನದಿಂದ ಆರ್ವಿಡ್ ಮಾತನಾಡಿಲ್ಲ. ಮೊದಮೊದಲು ಸಿಟ್ಟೆಂದುಕೊಂಡೆ. ಕೈ ತಟ್ಟಿದೆ, ಹಾಡಿದೆ, ಬೇಕೆಂದೇ ಗಂಜಿ ತಣ್ಣಗೆ ಮಾಡಿ ಕೊಟ್ಟೆ. ತಿಂದ. ಬೈಗುಳವೂ ಬರಲಿಲ್ಲ. ಹೊಸ ರಕ್ತಸ್ರಾವವೇನೂ ಆಗಿಲ್ಲ ಎಂದು ಡಾಕ್ಟರು ಚಿತ್ರ ತೆಗೆದು ನೋಡಿ ಹೇಳಿದರು. ಪಾರ್ಶ್ವವಾಯು ಮುಗಿಸದೆ ಬಿಟ್ಟದ್ದನ್ನು ತಮ್ಮ ಸಹಾಯವಾಣಿ ಒಂದೇ ಕರೆಯಲ್ಲಿ ಮುಗಿಸಿಕೊಟ್ಟಿತು. ಅಂಥ ದಕ್ಷತೆ ತಮ್ಮ ಉಳಿದ ವಿಭಾಗಗಳಿಗೂ ಬರಲಿ.

ಜನವರಿಯಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ಹಾಸಿಗೆಯೊಂದು ಖಾಲಿಯಾಯಿತು. ಬಿಟ್ಟರೆ ಇನ್ನೊಂದು ವರ್ಷ ಕಾಯಬೇಕು. ನಾನೋ ಜೂನಿಗೆ ಹೋಗುವವಳು. ಮಾರ್ಲಿಸ್ ಅಡುಗೆಮನೆಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡಳು.

“ನೀನು ನಮ್ಮನೆಯವಳೇ ಫ್ಲೋರಿಫೆಸ್, ಅದರಲ್ಲಿ ಎರಡು ಮಾತಿಲ್ಲ. ನಾನೇನು ಮಾಡ್ಲಿ, ಹೇಳು?”

“ಏನೂ ಮಾಡೋಕಾಗಲ್ಲಮ್ಮ.”

“ನಿನ್ನ ರೂಮು... ತಿಂಗಳ ಕೊನೆಗೆ ಬಿಟ್ಟುಕೊಟ್ರೆ ಸಾಕು. ಆತುರ ಇಲ್ಲ.”

ಅಂದು ಇಪ್ಪತ್ತಾರನೇ ತಾರೀಕು.

ನನ್ನ ಪರವಾನಗಿ ಆ ಮನೆಗಷ್ಟೇ ಕಟ್ಟಿದ್ದು, ಬೇರೆಡೆ ದುಡಿಯುವಂತಿಲ್ಲ. ಪರಿಚಿತರ ಸೋಫಾದ ಮೇಲೆ ಮಲಗುತ್ತೇನೆ. ಮಂಗಳವಾರ, ಶುಕ್ರವಾರ ಬಸ್ಸು ಹಿಡಿದು ಆರ್ವಿಡ್‌ನನ್ನು ನೋಡಲು ಹೋಗುತ್ತೇನೆ. ಹಾಸಿಗೆಯ ತಲೆಗಡೆ ಅಂಟಿಸಿದ ಹಾಳೆಯಲ್ಲಿ ‘ಮಾತು: ಇಲ್ಲ’ ಎಂದು ಬರೆದಿದ್ದಾರೆ. ಅವನನ್ನು ನೋಡಿಕೊಳ್ಳುವ ಹುಡುಗಿ ರೋವೆನಾ ನಮ್ಮ ಸೀಮೆಯವಳೇ. ಒಂದು ಪಾಳಿಗೆ ಹನ್ನೊಂದು ಮಂದಿಯನ್ನು ಎಬ್ಬಿಸಿ, ತೊಳೆದು, ಉಣಿಸಬೇಕು. ಯಾರ ಹತ್ತಿರವೂ ನಿಲ್ಲಲು ಅವಳಿಗೆ ಬಿಡುವಿಲ್ಲ. “ಆಯ್ತಾ ತಾತ, ಬಾಯಿ ತೆಗಿ, ನುಂಗು, ಶಾಬಾಶ್, ಮುಗೀತು” ಎಂದು ಒಂದೇ ಉಸಿರಿಗೆ ಹೇಳಿ ಮುಂದಿನ ಹಾಸಿಗೆಗೆ ಓಡುತ್ತಾಳೆ. ಅವಳ ತಪ್ಪಲ್ಲ. ತಮ್ಮ ಪರೀಕ್ಷೆಯಲ್ಲಿ ಅವಳಿಗೆ ಮಾತಿನಲ್ಲಿ ಎಂಟು ಬಂದಿದೆ. ನಾಚಿಕೊಳ್ಳುತ್ತ ಹೇಳಿದಳು. ನಾನು ಅಭಿನಂದಿಸಿದೆ.

ನನ್ನ ಮೂರನೇ ಪರೀಕ್ಷೆಗೆ ಸಿಕ್ಕ ದಿನಾಂಕ ಜೂನ್ ಹದಿನೆಂಟು. ದೇಶ ಬಿಟ್ಟ ಏಳನೇ ದಿನ. ಬರಲಾಗದಿದ್ದರೆ ಮುಂಚಿತವಾಗಿ ತಿಳಿಸಬೇಕಂತೆ. ಈ ಪತ್ರದಿಂದಲೇ ತಿಳಿಸಿದ್ದೇನೆಂದು ತಿಳಿಯುವುದು.

ಮಾನ್ಯರೇ, ತಮಗೂ ವಯಸ್ಸಾಗುತ್ತದೆ. ತಲೆಯ ಎಡಭಾಗದಲ್ಲಿ ಕಡಲೆಕಾಳಿನಷ್ಟು ರಕ್ತ ಹೆಪ್ಪುಗಟ್ಟಿದರೆ ಸಾಕು. ತಮ್ಮ ಸುತ್ತೋಲೆ, ಉಪನಿಯಮ, ತಿದ್ದುಪಡಿಗಳೆಲ್ಲ ಒಂದು ಮಧ್ಯಾಹ್ನದಲ್ಲಿ ನಾಲಿಗೆ ಬಿಟ್ಟು ಹೋಗುತ್ತವೆ. ಆಗ ತಮ್ಮ ಬಳಿ ಬರುವವಳು ತಾವೇ ಆರಿಸಿ ಉಳಿಸಿಕೊಂಡವಳು. ತುಂಬ ವೇಗವಾಗಿ ಮಾತನಾಡುವವಳು. ತಾವು ‘ನೀ’ ಎನ್ನುವಷ್ಟರಲ್ಲಿ ಅವಳು ಔಷಧಿ ಕೊಟ್ಟು, ದೀಪ ಆರಿಸಿ, ಬಾಗಿಲೆಳೆದುಕೊಂಡು ಹೋಗಿರುತ್ತಾಳೆ. ಇದು ಶಾಪವಲ್ಲ. ತಮ್ಮ ನೀತಿಯನ್ನು ತಮಗೇ ಅನ್ವಯಿಸಿ ನೋಡಿದ್ದಷ್ಟೆ. ತಾವು ನೂರು ವರ್ಷ ಬಾಳಬೇಕೆಂದು, ಅದರಲ್ಲಿ ಕೊನೆಯ ಇಪ್ಪತ್ತು ಹೀಗೆ ಬಾಳಬೇಕೆಂದು ಹಾರೈಸುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಆರೈಕೆಯವಳ ಮಾತು ಸಾಲುವುದೋ ಇಲ್ಲವೋ ಎಂದು ಅವಳ ಆರೈಕೆಯಲ್ಲಿರುವವರನ್ನು ಕೇಳಿ ತೀರ್ಮಾನಿಸುವ ನಿಯಮ ಮಾಡಿ. ನಾನು ಹೋದ ಮೇಲಾದರೂ ಮಾಡಿ. ಎರಡನೆಯದು ಇನ್ನೂ ಸುಲಭ. ಆ ದಿನ ಕರೆ ತೆಗೆದುಕೊಂಡ ಸಿಬ್ಬಂದಿಯನ್ನು ಬೈಯಬೇಡಿ. ಅವರಿಗೂ ತಾವು ಗಡಿಯಾರ ಕಟ್ಟಿದ್ದೀರಿ. ತಾವೇ ಬನ್ನಿ. ಆರೈಕೆ ಕೇಂದ್ರದ ಮೂರನೇ ಮಹಡಿ, ವಾಹನ ನಿಲುಗಡೆಯ ಕಡೆ ಕಿಟಕಿ ಇರುವ ಕೋಣೆ. ಅವನ ಎಡಕ್ಕೆ ಕುರ್ಚಿ ಹಾಕಿಕೊಳ್ಳಿ. ‘ಆರ್ವಿಡ್, ನಮಗೇನೋ ಹೇಳಬೇಕೆಂದಿದ್ದಿರಂತೆ’ ಎಂದು ಒಂದೇ ಒಂದು ಸಲ, ನಿಧಾನವಾಗಿ ಕೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ. ಅವನು ಆಡದೆಯೂ ಇರಬಹುದು. ಸಂಜೆಯಾಗಬಹುದು, ತಮ್ಮ ಕಾರು ಹಿಮದಲ್ಲಿ ಹೂತುಹೋಗಬಹುದು. ಏಳಬೇಡಿ.

ಇಂತಿ,
ಜೂನ್ ಹನ್ನೊಂದರವರೆಗೆ ಮಾತ್ರ ತಮ್ಮ ವಿಶ್ವಾಸಿ,
ಫ್ಲೋರಿಫೆಸ್ ಅಗ್ಕಾವಿಲಿ
ಸಸ್ಕಟೂನ್, ಯಾರದೋ ಸೋಫಾದಿಂದ