ಹದಿಮೂರರ ತಲೆನೋವು ನೆಪವಲ್ಲ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ತಲೆನೋವು ಬಂದ ಹುಡುಗಿಯರು ಅರ್ಧ ಗಂಟೆ ಮಲಗುತ್ತಿದ್ದ ನಕ್ಷೆ ಕೋಣೆಗೆ ಕಳೆದ ತಿಂಗಳು ನೀವು ಬೀಗ ಹಾಕಿಸಿದ್ದೀರಿ. ಅಲ್ಲಿ ಮಲಗಿದವರ ಹಾಜರಿಯನ್ನೂ ಕತ್ತರಿಸಿದ್ದೀರಿ. ಆದೇಶದಲ್ಲಿ ಕೊಟ್ಟ ಕಾರಣ: "ವಯೋಸಹಜ ನೆಪಗಳಿಗೆ ಉತ್ತೇಜನ." ಐದು ನಿಮಿಷದ ತಪಾಸಣೆಯಲ್ಲಿ ತಲೆನೋವಿಗೂ ವಯಸ್ಸಿಗೂ ಸಂಬಂಧವಿದೆ ಎಂದು ಕಂಡುಹಿಡಿದಿರಿ, ಅಭಿನಂದನೆಗಳು. "ನೆಪ" ಎಂಬ ಮಾತನ್ನು ಮಾತ್ರ ಎಲ್ಲಿಂದ ತಂದಿರಿ?

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ನನ್ನ ಮಗಳಿಗೆ ಹದಿಮೂರು, ಎಂಟನೇ ತರಗತಿ. ಕಳೆದ ವರ್ಷ ದೊಡ್ಡವಳಾದಳು. ಅದರ ಹಿಂದೆಯೇ ತಲೆನೋವು ಶುರುವಾಯಿತು. ಬೆಳಕು ಕಂಡರೆ ಮುಖ ಮುಚ್ಚಿಕೊಳ್ಳುವಳು, ಸಾಬೂನಿನ ವಾಸನೆಗೂ ವಾಂತಿ. ಶಾಲೆಯಿಂದ ಚೀಟಿ ಬಂತು: ಕಣ್ಣು ತೋರಿಸಿ. ಹೇಳಿದ್ದು ಯಾರಿಗೆ ನೋಡಿ! ನಮ್ಮಂಗಡಿಯ ಕುರ್ಚಿಯಲ್ಲೇ ಕೂರಿಸಿ ಮೂರು ಸಲ ಪರೀಕ್ಷೆ ಮಾಡಿಸಿದೆ. ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಪಟಪಟನೆ ಓದಿದಳು.

"ಅಮ್ಮಾ, ಕಣ್ಣಲ್ಲ ಅಂತ ನಾನು ಹೇಳ್ತಾನೇ ಇದ್ದೀನಲ್ಲ," ಎಂದಳು.

ಹೇಳುತ್ತಲೇ ಇದ್ದಳು, ನಿಜ. ನಿಮ್ಮ ಹಾಗೆ ನಾನೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಆಮೇಲೆ ನೋವು ಬಂದ ದಿನಕ್ಕೆಲ್ಲ ಕ್ಯಾಲೆಂಡರಿನಲ್ಲಿ ಸೊನ್ನೆ ಸುತ್ತತೊಡಗಿದಳು. ನಾಲ್ಕು ತಿಂಗಳು ನೋಡಿದೆವು. ಪ್ರತಿ ಸಲವೂ ಸೊನ್ನೆ ಬಂದು ಕೂತಿದ್ದು ಮುಟ್ಟಿನ ಹಿಂದಿನ ದಿನದ ಮೇಲೆ. ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಎಲ್ಲ ಪರೀಕ್ಷಿಸಿ ಹೇಳಿದರು: "ಇದು ಮೈಗ್ರೇನ್. ಚಿಕ್ಕವರಿದ್ದಾಗ ಹುಡುಗರಿಗೂ ಹುಡುಗಿಯರಿಗೂ ಹೆಚ್ಚುಕಮ್ಮಿ ಒಂದೇ ಥರ ಬರುತ್ತೆ. ಮೈನೆರೆದ ಮೇಲೆ ಹುಡುಗಿಯರಿಗೇ ಜಾಸ್ತಿ. ಮುಟ್ಟಿಗೆ ಮುಂಚೆ ಹಾರ್ಮೋನು ಇಳಿಯುತ್ತಲ್ಲ, ಅದು ಕೆಲವರಿಗೆ ತಲೆಗೇ ಹೊಡೆಯುತ್ತೆ. ಶುರುವಾಗ್ತಿದ್ದ ಹಾಗೇ ಮಾತ್ರೆ ತಗೊಂಡು ಕತ್ತಲಲ್ಲಿ ಸ್ವಲ್ಪ ಮಲಗಲಿ. ತಡ ಮಾಡಿದಷ್ಟೂ ಕಷ್ಟ."

ಅವರು ಬರೆದುಕೊಟ್ಟ ಕಾಗದವನ್ನು ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲಿಟ್ಟೆ. ಬಹಳ ಬಿಗಿ ಹೆಂಗಸು, ಮಕ್ಕಳು ಬೆನ್ನ ಹಿಂದೆ "ಗಡಿಯಾರ" ಅನ್ನುತ್ತಾರೆ. ಎರಡು ಸಲ ಓದಿದರು. ಏನೋ ಗದರುತ್ತಾರೆ ಅಂದುಕೊಂಡೆ.

"ನನಗೂ ಹದಿಮೂರರಿಂದ ಇದೆ ಕಣಮ್ಮ," ಎಂದರು. "ತಡ್ಕೊಂಡೇ ಬಂದೆ. ನಾನು ತಡ್ಕೊಂಡೆನಲ್ಲ ಅಂತ ಈ ಮಕ್ಕಳಿಗೂ ತಡ್ಕೊಳ್ರೇ ಅಂತಿದ್ದೆ. ಎಷ್ಟು ಜನರನ್ನ ಬೈದು ಕೂರಿಸಿದ್ದೀನೋ!"

ಮರುದಿನವೇ ನಕ್ಷೆಗಳನ್ನೆಲ್ಲ ಮೂಲೆಗೆ ಸರಿಸಿ, ಎರಡು ಬೆಂಚು ಜೋಡಿಸಿ, ಕಿಟಕಿಗೆ ಹಳೆಯ ಕಂಬಳಿ ಇಳಿಬಿಟ್ಟರು. ಮೊದಲು ನೋವು ಬಂದರೆ ನನ್ನ ಮಗಳಿಗೆ ಇಡೀ ದಿನ ಹೋಗುತ್ತಿತ್ತು. ಆ ಕೋಣೆ ಆದ ಮೇಲೆ ಮಾತ್ರೆ ನುಂಗಿ ಅರ್ಧ ಗಂಟೆ ಮಲಗಿ, ಮುಖ ತೊಳೆದುಕೊಂಡು ಗಣಿತದ ತರಗತಿಗೆ ಹಾಜರಾಗುತ್ತಿದ್ದಳು. ಸ್ವಾಮಿ, ನೆಪ ಹೂಡುವವಳು ಯಾರಾದರೂ ಗಣಿತಕ್ಕೆ ವಾಪಸು ಬರುತ್ತಾಳೆಯೇ?

ಅಷ್ಟರಲ್ಲಿ ನೀವು ದಯಮಾಡಿಸಿದಿರಿ. ಬೀಗ ಬಿದ್ದ ಮರುವಾರ ಮಗಳಿಗೆ ಮತ್ತೆ ನೋವು ಬಂತು. ತರಗತಿಯ ಟೀಚರು ಅಸಹಾಯಕರಾಗಿ ನಿಮ್ಮ ಆದೇಶ ತೋರಿಸಿದರು. ಇವಳು ಗೋಡೆ ಹಿಡಿದುಕೊಂಡು ನೇರ ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ನಡೆದಳು.

"ಮೇಡಂ, ಮಲಗೋಕೆ ಜಾಗ ಬೇಕು. ಆಬ್ಸೆಂಟ್ ಬೇಕಾದ್ರೆ ಹಾಕ್ಕೊಳ್ಳಿ, ನಾನು ಮನೆಗಂತೂ ಹೋಗಲ್ಲ."

ಅವರು ತಕ್ಷಣ ಎದ್ದರಂತೆ. ಪರದೆ ಎಳೆದು ಅವಳನ್ನು ಅಲ್ಲೇ ಮಲಗಿಸಿ, ತಮ್ಮ ಕುರ್ಚಿಯನ್ನೂ ಕಡತಗಳನ್ನೂ ವರಾಂಡಕ್ಕೆ ಹೊರಿಸಿದರು. ಅಂದಿನಿಂದ ನಿಮ್ಮ ಕಚೇರಿಯ ಪತ್ರಗಳಿಗೆಲ್ಲ ವರಾಂಡದಿಂದಲೇ ಉತ್ತರ ಬರುತ್ತಿದೆ.

ಇದು ಅಶಿಸ್ತು ಎಂದು ಅವರಿಗೆ ನೋಟಿಸು ಸಿದ್ಧವಾಗುತ್ತಿದೆ ಎಂದು ಕೇಳಿದೆ. ಕಳಿಸಿ. ಜೊತೆಗೆ ನಮಗೂ ಒಂದೊಂದು ಪ್ರತಿ ಕಳಿಸಿ. ಈ ಪತ್ರಕ್ಕೆ ನಲವತ್ತೊಂದು ತಾಯಂದಿರು ಸಹಿ ಹಾಕಿದ್ದೇವೆ. ಬೀಗ ತೆಗೆಸಿ, ಕತ್ತರಿಸಿದ ಹಾಜರಿಯನ್ನು ಮರಳಿಸಿ, "ನೆಪ" ಎಂಬ ಪದವನ್ನು ಬರಹದಲ್ಲೇ ಹಿಂಪಡೆಯಿರಿ. ಅಲ್ಲಿಯವರೆಗೆ ನೋವು ಬಂದ ನಮ್ಮ ಮಕ್ಕಳು ಮುಖ್ಯೋಪಾಧ್ಯಾಯಿನಿಯವರ ಕೋಣೆ ಬಿಟ್ಟು ಕದಲುವುದಿಲ್ಲ. ಮತ್ತೊಮ್ಮೆ ತಪಾಸಣೆಗೆ ಬರುವುದಾದರೆ ಬನ್ನಿ, ಬೂಟಿನ ಸದ್ದು ಮಾಡದೆ ಬನ್ನಿ. ಒಳಗೆ ಮಗು ಮಲಗಿರುತ್ತದೆ.

ಇಂತಿ,
ನಿಮ್ಮ ಕಚೇರಿಗೆ ಕೊಟ್ಟ ಎರಡು ಅರ್ಜಿಗಳಿಗೂ ಉತ್ತರ ಕಾಣದೆ, ಕೊನೆಗೆ ಊರಿಗೆಲ್ಲ ಕೇಳಲೆಂದು ಬರೆದ
ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ