ಬಾಯಾಗ ಹತ್ತಿ

ಲಿಂಗಂಪಲ್ಲಿ, ಹೈದರಾಬಾದ್
೨೧ ಫೆಬ್ರುವರಿ ೨೦೨೪

ನನ್ನ ಶಾರದಾಬಾಯಿಗೆ,

ಹ್ಯಾಂಗಿದ್ದಿ? ಬೀದರದಾಗ ನಿನ್ನ ತಂಗಿಯ ಮುರಿದ ಕಾಲು ಕೂಡೇತೇನು, ಇಲ್ಲಾ ಅಕ್ಕತಂಗಿ ಕೂಡೇ ಕುಂಟಾಕತ್ತೀರೇನು? ಫೋನ್ ಬಿಟ್ಟು ಕಾಗದ ಯಾಕಂದ್ರ, ಕಾಗದ ನಡುವ ಬಾಯಿ ಹಾಕಂಗಿಲ್ಲ. ಹೆಸರಿನಾಗ ಬಾಯಿ ಇದ್ದಾಕಿ ನೀನು, ಮನ್ಯಾಗ ಬಾಯಿ ಇದ್ದಾಂವ ನಾನು, ಒಪ್ತೀನಿ.

ಆ ಬಾಯಿ ಸುದ್ದೀನ ಕೇಳು. ಮೊನ್ನೆ ಸೋಮವಾರ ದವಡಿ ಹಲ್ಲು ಕೀಳಿಸಿಕೊಂಡೆ. ಡಾಕ್ಟರಮ್ಮ ಹತ್ತಿ ತುರುಕಿ, "ತಾತಾ, ಗಂಟಸೇಪು ನೋರು ತೆರವೊದ್ದು" ಅಂದ್ಲು. ಒಂದು ತಾಸು ಬಾಯಿ ಮುಚ್ಚು ಅಂತ ತೆಲುಗಿನಾಗ ಹುಕುಂ! ಮನಿಗೆ ಬಂದ್ರ ಸೊಸಿ ನೇತ್ರಾ ಅಡಗಿ ಮನ್ಯಾಗ ನೆಲದ ಮ್ಯಾಲೆ ಕುಂತಿದ್ಲು. ಐದು ತಿಂಗಳಿಗೇ ಹೊಟ್ಟ್ಯಾಗಿನ ಕೂಸು ಹೋದ ಮ್ಯಾಲಿಂದ, ಮೂರು ತಿಂಗಳಾತು, ಆಕಿ ಬಾಯಿಬಿಟ್ಟು ಮಾತಾಡಿಲ್ಲ, ನಿನಗ ಗೊತ್ತು. ನಾವೇನು ಬಿಟ್ಟೀವೇನು? "ಮತ್ತ ಮಕ್ಕಳು ಆಕ್ಕಾವ ಬಿಡವ್ವಾ" ಅಂತ ನೀ ಫೋನಿನಾಗ, "ಧೈರ್ಯ ತಗೋ" ಅಂತ ನಮ್ಮ ಮಗ ದೀಪಕ, "ದೇವರ ಚಿತ್ತ" ಅಂತ ಪಾಸ್ಟರ್, ನಡುವ ನನ್ನ ಹಳೇ ಜೋಕು. ಅವತ್ತೂ ನಾಲಿಗಿ ಮ್ಯಾಲೆ ಒಂದು ಬುದ್ಧಿಮಾತು ತಯಾರಿತ್ತು. ಹತ್ತಿ ಇತ್ತಂತ ಹತ್ರ ಕುಂತೆ, ಅಷ್ಟ. ಐದು ನಿಮಿಷ ಆತು, ಹತ್ತು ಆತು, ಕುಕ್ಕರೂ ಆರಿತು. ಆಮ್ಯಾಲೆ "ಮಾವಾರಿ..." ಅಂದ್ಲು. ಶುರು ಆದ ಮಾತು ನಿಂದ್ರಲೇ ಇಲ್ಲ.

ಸಂಡೇ ಸ್ಕೂಲಿನಾಗ ನಲವತ್ತು ವರ್ಷ ನಾ ಹೇಳಿದ ಕಥಿ ಐತಲ್ಲ, ಬೈಬಲ್ಲಿನಾಗ ಮಕ್ಕಳು, ದನ, ಮೈಯಾಗಿನ ಆರಾಮ ಎಲ್ಲಾ ಕಳಕೊಂಡಾಂವಂದು? ಮೂವರು ಗೆಳ್ಯಾರು ಬಂದು ಏಳು ಹಗಲು ಏಳು ರಾತ್ರಿ ಅವನ ಸಂಗಾಟ ನೆಲದ ಮ್ಯಾಲೆ ಸುಮ್ಮ ಕುಂತರು. ಆಮ್ಯಾಲೆ ಬಾಯಿ ತೆಗೆದು ಎಲ್ಲಾ ಕೆಡಿಸಿದರು. ನಾ ಆ ಏಳು ದಿನ ಒಂದ ಉಸಿರಿನಾಗ ದಾಟಿಸಿ ಅವರ ಭಾಷಣಕ್ಕ ಜಿಗೀತಿದ್ದೆ! ಒಂದು ತಾಸಿಗೇ ನಾ ಇಷ್ಟು ಕೇಳಿಸಿಕೊಂಡೆ, ಶಾರದಾ. ಏಳು ದಿನ ಅವರು ಏನೇನು ಕೇಳಿಸಿಕೊಂಡಿರಬೇಕು, ಒಂದು ಮಾತೂ ಇಲ್ಲದ! ತಾಸು ಮುಗೀತು, ಹತ್ತಿ ಉಗುಳಿದೆ. ಆ ಬುದ್ಧಿಮಾತೂ ಅದರ ಸಂಗಾಟ ಹೋತು.

ತಂಗಿಗೆ ಆಶೀರ್ವಾದ. ನಿನಗ ಒಂದು ಹಲ್ಲು ಕಡಿಮಿ ಇರೋ ನಗಿ.

ನಿನ್ನ
ಸೂಗಪ್ಪ

ತಾ.ಕ.: ಕೂಸು ಹೆಣ್ಣಿತ್ತಂತ. ಮೂರು ತಿಂಗಳಿನಾಗ ನಾನೂ ಕೇಳಿಲ್ಲ, ನೀನೂ ಕೇಳಿಲ್ಲ. ಆಕಿ ಒಂದು ಹೆಸರೂ ಇಟ್ಟಾಳ. ಅದನ್ನ ನಾ ಇಲ್ಲಿ ಬರಿಯಂಗಿಲ್ಲ. ನೀ ಬಾ, ಆಕಿ ತಾನಾಗೇ ಹೇಳೂ ತನಕ ತಡಿ.