ಹದಿನೇಳನೆಯ ಚೂರು

ಸೆಪ್ಟೆಂಬರ್ 24, 2025. ಬುಧವಾರ

ಬೆಳಿಗ್ಗೆಯಿಂದ ಶೆಡ್ಡಿನಲ್ಲಿ ರಾಕೆಟ್ಟಿನ ಲೋಹದ ಬ್ರಾಕೆಟ್ ಅಳೆದದ್ದೇ ಅಳೆದದ್ದು. ಅರವತ್ತರಲ್ಲಿ ಮೂರು ರಿಜೆಕ್ಟ್. ಊಟದ ಹೊತ್ತಿಗೆ ಬೆಂಗಳೂರಿನ ವ್ಯಾನ್ ಬಂತು. ಅಲ್ಲಿನ ಒಂದು ಚಿಕ್ಕ ಕಂಪನಿಯವರ ಬಾಹ್ಯಾಕಾಶ ಕ್ಯಾಪ್ಸೂಲ್... ಮೇಲೆ ಹೋಗಿ ಭೂಮಿಗೆ ಹನ್ನೊಂದು ಸುತ್ತು ಹಾಕಿ, ಪ್ಯಾರಾಚೂಟಿನಲ್ಲಿ ಇಳಿದು ಬಂದದ್ದು. ಅದರ ಮೈಮೇಲಿನ ಶಾಖ ತಡೆಯುವ ಟೈಲುಗಳ ಚೂರುಗಳು ಬಂದಿವೆ. ಒಟ್ಟು ನಲವತ್ತೊಂದು. ತೂಕ, ಅಳತೆ, ಫೋಟೊ ಮುಗಿಸಿ ಅಕ್ಟೋಬರ್ ಆರನೇ ತಾರೀಖು ವಾಪಸ್ ಕಳಿಸಬೇಕು. ಟೈಲು ಕೂರಿಸಿದ್ದ ಚೌಕಟ್ಟು ನಮ್ಮ ಶೆಡ್ಡಿನದು. ಅಳೆದು ಸಹಿ ಹಾಕಿದವಳು ನಾನೇ.

ಮಾಲೂರಿನ ಈ ಕೆಲಸಕ್ಕೆ ಸೇರಿ ಒಂಬತ್ತು ವರ್ಷ. ನಾನು ಅಳೆದು ಕಳಿಸಿದ್ದು ಎಷ್ಟೋ ಮೇಲೆ ಹೋಗಿವೆ. ಒಂದೂ ಹಿಂದಿರುಗಿರಲಿಲ್ಲ. ಇದೇ ಮೊದಲು.

ಬಿಳಿ ಬಣ್ಣ, ಸೀಮೆಸುಣ್ಣಕ್ಕಿಂತ ಹಗುರ. ಗ್ಲೌಸ್ ಇಲ್ಲದೆ ಮುಟ್ಟುವ ಹಾಗಿಲ್ಲ. ಕೈಬೆವರು ತಾಗಿದರೂ ಲ್ಯಾಬಿನವರು ಬೇಡ ಅನ್ನುತ್ತಾರೆ.

ಸೆಪ್ಟೆಂಬರ್ 27, ಶನಿವಾರ

ಸಂಜೆ ನನ್ನ ಡಬ್ಬಿ ತೆಗೆದು ಕೂತೆ. ಒಂಬತ್ತು ಚೂರು. ಆಕಾಶಕ್ಕೆ ಹೋಗಿ ಬಂದದ್ದು ಮಾತ್ರ, ಬೇರೆಯದು ಸೇರಿಸುವುದಿಲ್ಲ. ಅಮೆರಿಕದ ಹಳೇ ನೌಕೆಯ ಬಂಗಾರದ ಹಾಳೆ, ಎಳ್ಳಿನಷ್ಟು. ರಷ್ಯಾದ ಪ್ಯಾರಾಚೂಟಿನ ಒಂದು ದಾರ. ಎಲ್ಲ ಆನ್‌ಲೈನಿನಲ್ಲಿ ತರಿಸಿದ್ದು, ಎಲ್ಲಕ್ಕೂ ಸರ್ಟಿಫಿಕೇಟ್ ಇದೆ. ನಮ್ಮವರು, ಅಂದರೆ ಭೀಮರಾಜ್, ಕೋಲಾರದ ಬಸ್ಸಿನ ಡ್ಯೂಟಿ ಮುಗಿಸಿ ಬಂದವರು ಎಂದಿನಂತೆ ಆಡಿಕೊಂಡರು. ಲೋಕವೆಲ್ಲ ಮಾವಿನಹಣ್ಣು ತಿಂದು ವಾಟೆ ಎಸೆದರೆ ನಾನು ವಾಟೆ ಕೂಡಿಡುತ್ತೇನಂತೆ. ಶ್ರೀನಿವಾಸಪುರದವರಿಗೆ ಎಲ್ಲದಕ್ಕೂ ಮಾವಿನ ಲೆಕ್ಕ.

ಶೆಡ್ಡಿನ ಟ್ರೇಯಲ್ಲಿ ಹದಿನೇಳನೇ ನಂಬರಿನ ಚೂರು ಇದೆ. ಹೆಬ್ಬೆರಳ ಉಗುರಿನಷ್ಟು. ಒಂದು ಅಂಚು ಸುಟ್ಟು ಕಂದಾಗಿದೆ. ನನ್ನ ಚೌಕಟ್ಟಿಗೆ ತಾಗಿಕೊಂಡಿದ್ದ ಮೂಲೆ ಅದು. ಅದನ್ನು ನನಗೆ ಕೊಡ್ತೀರಾ ಎಂದು ಇವತ್ತು ನಾಚಿಕೆ ಬಿಟ್ಟು ಸುಬ್ಬರಾಯಪ್ಪ ಸಾರ್ ಹತ್ತಿರ ಕೇಳಿಯೇಬಿಟ್ಟೆ. ಇನ್‌ಸ್ಪೆಕ್ಷನ್ ವಿಭಾಗಕ್ಕೆಲ್ಲ ಅವರೇ ಯಜಮಾನರು. "ಧೂಳು ಉದುರಿದ್ರೂ ಲೆಕ್ಕ ಕೊಡ್ಬೇಕಮ್ಮ. ರಿಜೆಕ್ಟ್ ಆಗಿದ್ರೆ ಬೇರೆ ಮಾತಿತ್ತು, ಅದು ಕಸ," ಅಂದರು.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಪೂಜೆಗೆ ಎಲ್ಲರೂ ಬಂದಿದ್ದರು. ಲೇತುಗಳಿಗೆಲ್ಲ ಬಾಳೆಕಂದು, ಸೇವಂತಿಗೆ. ಇನ್‌ಸ್ಪೆಕ್ಷನ್ ರೂಮಿಗೆ ಬೊಟ್ಟಿಡುವುದು ಪ್ರತಿ ವರ್ಷ ನನ್ನ ಕೆಲಸ. ಕುಂಕುಮ ಕಲಸಿಕೊಂಡು ವರ್ನಿಯರ್, ಮೈಕ್ರೋಸ್ಕೋಪ್, ತಕ್ಕಡಿ, ಹೀಗೆ ಇಡುತ್ತಾ ಬಂದೆ. ಪಕ್ಕದಲ್ಲಿ ಟ್ರೇ ತೆರೆದಿತ್ತು. ಕೈ ಅಭ್ಯಾಸ... ಹದಿನೇಳಕ್ಕೂ ಒಂದು ಬೊಟ್ಟು ಇಟ್ಟುಬಿಟ್ಟೆ. ಒರೆಸಲು ಹೋದರೆ ಒಳಕ್ಕೇ ಹೀರಿಕೊಂಡಿತು. ಹೆದರಿಕೆಯಾಯಿತು. ಟಿಫನ್ ಬಾಕ್ಸಿನಲ್ಲಿ ಹಾಕಿಕೊಂಡು ಮನೆಗೆ ತಂದೆ.

ಹೆದರಿಕೆಯಿಂದ. ಬೇರೇನೂ ಇಲ್ಲ.

ಪೂಜೆ ಆದ ಮೇಲೆ ಇನ್‌ಸ್ಪೆಕ್ಷನ್ ರೂಮಿನಲ್ಲೇ ಕಡಲೆಪುರಿ ಹಂಚಿದ್ದರು. ನೆಲದ ತುಂಬ ಪುರಿ, ಹೂವು. ಕದಿರಮ್ಮ ಗುಡಿಸಿ ಹಿಂದಿನ ಗುಂಡಿಗೆ ಹಾಕಿದಳು. ನಮ್ಮ ಶೆಡ್ಡಿನ ಕಸ ಗುಡಿಸುವವಳು, ಲಕ್ಕೂರಿನಿಂದ ಬರುತ್ತಾಳೆ. ನನಗೆಂದು ಒಂದು ಪೊಟ್ಟಣ ಪುರಿ ಎತ್ತಿಟ್ಟಿದ್ದಳು.

ಅಕ್ಟೋಬರ್ 3, ಶುಕ್ರವಾರ

ಎಣಿಕೆಯಲ್ಲಿ ನಲವತ್ತು.

ಸುಬ್ಬರಾಯಪ್ಪ ಸಾರ್ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿಯೇ ಬ್ಯಾಗಿನ ಮೇಲೆ ಹೋಯಿತು, ಒಳಗೆ ಏನೂ ಇಲ್ಲದಿದ್ದರೂ. ಯಾರೂ ನೋಡಲಿಲ್ಲ. ಬಿಳಿ ಚೂರು, ಬಿಳಿ ಪುರಿ, ಗುಡಿಸಿ ಹೋಗಿರಬೇಕು ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಎಲ್ಲರ ಕಣ್ಣೂ ಕದಿರಮ್ಮನ ಕಡೆಗೆ.

ಅವಳು ಇಲ್ಲ ಅನ್ನಲಿಲ್ಲ. ಅದೇ ನನಗೆ ತಡೆಯಲಾಗುತ್ತಿಲ್ಲ. ಗುಂಡಿಗಿಳಿದು ಮಧ್ಯಾಹ್ನದವರೆಗೂ ಕೊಳೆತ ಹೂವು, ನೆಂದ ಪುರಿ ಕೆದಕಿದಳು. ಮೇಲೆ ಬಂದು, "ನನ್ನ ಕಣ್ಣಿಗೆ ಎಲ್ಲಾ ಪುರಿಯಂಗೇ ಕಾಣ್ತದೆ ಸಾರ್. ನಾನೇ ಗುಡಿಸಿಬಿಟ್ಟಿರ್ತೀನಿ," ಅಂದಳು.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಅಕ್ಟೋಬರ್ 4, ಶನಿವಾರ

ಸೋಮವಾರದಿಂದ ಬರಬೇಡ ಅಂದಿದ್ದಾರೆ ಕದಿರಮ್ಮನಿಗೆ. ಹೋಗುವಾಗ ನನ್ನ ರೂಮಿನ ಬಾಗಿಲಲ್ಲಿ ನಿಂತು, ಹೋಗಿ ಬರ್ತೀನಮ್ಮ ಅಂದಳು. ಹೂಂ ಅಂದೆ. ತಲೆ ಎತ್ತಲಿಲ್ಲ.

ಅಕ್ಟೋಬರ್ 11, ಶನಿವಾರ

ಒಂದು ವಾರ ಇದರಲ್ಲಿ ಏನೂ ಬರೆಯಲಿಲ್ಲ. ಬರೆಯಲು ಕೂತರೆ ಒಂದನೇ ತಾರೀಖಿನ ಪುಟವೇ ಕಣ್ಣಿಗೆ ಬೀಳುತ್ತದೆ.

ಆ ಪುಟ ಸುಳ್ಳು.

ನಾನೇ ಬರೆದು ನಾನೇ ಓದುವ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಕೈ ಅಭ್ಯಾಸವೂ ಅಲ್ಲ, ಮರೆವೂ ಅಲ್ಲ. ಬೊಟ್ಟಿಡುವಾಗ ಗೊತ್ತಿತ್ತು. ಟ್ರೇ ಮುಚ್ಚಿತ್ತು. ತೆರೆದವಳು ನಾನು. ಕುಂಕುಮ ಬಿದ್ದರೆ ರಿಜೆಕ್ಟ್, ರಿಜೆಕ್ಟ್ ಆದರೆ ಕಸ, ಕಸವಾದರೆ ನನಗೆ. ಪೂಜೆಯ ದಿನ ತಪ್ಪಿ ಆಯಿತು ಸಾರ್ ಅಂದರೆ ಯಾರು ಬೈಯುತ್ತಾರೆ? ಹಾಗೆ ಹೇಳಬೇಕೆಂದೇ ಇದ್ದೆ. ಸುಬ್ಬರಾಯಪ್ಪ ಸಾರ್ ಮುಖ ಕಂಡಾಗ ಧೈರ್ಯ ಸಾಲಲಿಲ್ಲ, ಟಿಫನ್ ಬಾಕ್ಸಿಗೆ ಹಾಕಿಕೊಂಡೆ. ಕಾಯುವ ಬೇಲಿಯೇ ಹೊಲ ಮೇಯ್ದದ್ದು. ದೇವರ ಕುಂಕುಮವನ್ನು ಕಳ್ಳತನಕ್ಕೆ ಬಳಸಿದೆ. ಥೂ.

ಇಷ್ಟು ಆಸೆಪಟ್ಟು ತಂದದ್ದನ್ನು ಒಮ್ಮೆಯೂ ಡಬ್ಬಿಗೆ ಸೇರಿಸಲು ಆಗಿಲ್ಲ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಮೆಂತ್ಯದ ಸೀಸೆಯ ಹಿಂದೆ ಇದೆ. ನಾಳೆ ಲಕ್ಕೂರಿಗೆ ಹೋಗುತ್ತೇನೆ. ಹೇಳಿ ಬರುತ್ತೇನೆ.

ಅಕ್ಟೋಬರ್ 12, ಭಾನುವಾರ. ಸಂಜೆ 5.30

ಹೇಳಲಿಲ್ಲ.

ಬಾಳೆಹಣ್ಣು ತೆಗೆದುಕೊಂಡು ಹೋಗಿದ್ದೆ. ಚೂರು ಪರ್ಸಿನಲ್ಲಿತ್ತು. ಕದಿರಮ್ಮ ಚಾಪೆ ಹಾಸಿದಳು, ಕಾಫಿ ಕೊಟ್ಟಳು, ನಾನು ಬಂದದ್ದಕ್ಕೆ ಬೀದಿಗೆಲ್ಲ ಕೇಳುವ ಹಾಗೆ ಸಂತೋಷಪಟ್ಟಳು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮಡಿಲಲ್ಲಿ ಇಟ್ಟಳು.

ಬಿಳಿ ಚೂರುಗಳು. ಥರ್ಮಾಕೋಲ್, ಸುಣ್ಣದ ಹಕ್ಕಳೆ, ಮೊಟ್ಟೆಯ ಸಿಪ್ಪೆ, ಒಣಗಿದ ಪುರಿ, ಟೀ ಲೋಟದ ತುಂಡು. ಕೆಲಸ ಇಲ್ಲದಿದ್ದರೂ ದಿನಾ ಎಂದಿನ ಹಾಗೆ ಆಟೊದಲ್ಲಿ ಬಂದು ಕಾಂಪೌಂಡಿನ ಹಿಂದಿನ ಗುಂಡಿಯಲ್ಲಿ ಹುಡುಕುತ್ತಿದ್ದಾಳೆ. ವಾಚ್‌ಮನ್ ಬೈದರೂ ಬಿಟ್ಟಿಲ್ಲ. ಒಂದೊಂದನ್ನೂ ತೊಳೆದು ಒಣಗಿಸಿದ್ದಾಳೆ.

"ಇದ್ರಲ್ಲಿ ಅದೈತಾ ನೋಡು ತಾಯಿ," ಅಂದಳು. "ಕೆಲ್ಸ ಹೋದ್ರೆ ಹೋಗ್ಲಿ. ಆಕಾಶಕ್ಕೆ ಹೋಗಿ ಬಂದಿದ್ದನ್ನ ಕಸಕ್ಕಾಕ್ದೆನಲ್ಲ, ಅದೇ ನಂಗೆ ನಿದ್ದೆ ಬರಾಕಿಲ್ಲ."

ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ ಅಂದು ಕವರ್ ಎತ್ತಿಕೊಂಡು ಬಂದುಬಿಟ್ಟೆ. ಬಸ್ಸಿನಲ್ಲಿ ಅಳು ಬಂತು.

ಮನೆಗೆ ಬಂದು ಭೀಮರಾಜ್ ಹತ್ತಿರ ಎಲ್ಲ ಹೇಳಿದೆ. "ಚೂರನ್ನ ಆ ಕವರಿಗೇ ಹಾಕ್ಬಿಡು ಕಣೇ. ಕುಂಕುಮದ ಕಲೆ ಪೂಜೆ ಹೂವಿಂದು ಅಂತಾರೆ. ಅವಳಿಗೆ ಕೆಲಸ ಸಿಗುತ್ತೆ, ನಿನ್ನ ಮಾನ ಉಳಿಯುತ್ತೆ," ಅಂದರು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನನಗೂ ಅದು ಬಸ್ಸಿನಲ್ಲೇ ಹೊಳೆದಿತ್ತು. ಹೊಳೆದದ್ದಕ್ಕೇ ಅತ್ತೆನೋ ಏನೋ.

ಹಾಗೆ ಮಾಡಿದರೆ ಕದಿರಮ್ಮ ಸಂತೋಷದಿಂದ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಆದರೆ ಸಾಯುವ ತನಕ, ಗುಡಿಸಿದ್ದು ತಾನೇ ಅಂದುಕೊಂಡಿರುತ್ತಾಳೆ.

ಹಾಕಿದೆ. ಎರಡು ಸಲ ಹಾಕಿ, ಎರಡು ಸಲ ತೆಗೆದೆ.

ಅಕ್ಟೋಬರ್ 13, ಸೋಮವಾರ. ಬೆಳಿಗ್ಗೆ 8.50

ಶೆಡ್ಡಿನ ಡ್ರೆಸ್ಸಿಂಗ್ ರೂಮು. ಕವರ್ ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಚೂರು ಮಾತ್ರ ತಂದಿದ್ದೇನೆ, ಕಾಗದದಲ್ಲಿ ಸುತ್ತಿ.

ಗೇಟಿನಲ್ಲಿ ಕದಿರಮ್ಮ ಕೂತಿದ್ದಾಳೆ. ಒಗೆದ ಸೀರೆ, ತಲೆಗೆ ಹೂವು. ಶೋಭಮ್ಮ ಹುಡುಕಿ ಕೊಡ್ತಾಳೆ ಅಂತ ವಾಚ್‌ಮನ್‌ಗೆ ನನ್ನ ಹೆಸರು ಹೇಳಿದ್ದಾಳಂತೆ. ಸುಬ್ಬರಾಯಪ್ಪ ಸಾರ್ ಬಂದರು. ಏನು ಸಮಾಚಾರ ಎಂದು ಅವಳನ್ನೂ ಒಳಗೆ ಕರೆದರು. ನನಗೂ ಹೇಳಿ ಕಳಿಸಿದ್ದಾರೆ. ಅವಳ ಎದುರಿಗೇ ಹೇಳಬೇಕು. ಸಾರ್ ಮುಖ ನೋಡಿದರೆ ಮತ್ತೆ ನಾಲಿಗೆ ಹೊರಳುವುದಿಲ್ಲ, ನನಗೆ ಗೊತ್ತು. ಅದಕ್ಕೇ ಮೊದಲ ಮಾತನ್ನು ಇಲ್ಲಿ ಬರೆದುಕೊಂಡು, ಹಾಗೇ ಓದಿಬಿಡುತ್ತೇನೆ.

ಸಾರ್, ಕದಿರಮ್ಮ ಗುಡಿಸಲಿಲ್ಲ. ನಾನು...